ಗಂಟಿನೊಳಗಿನ ನೆತ್ತರ ಓಟ

(ಹೈದರಾಬಾದಿನಲ್ಲಿ ನಡೆದ ಕನ್ನಡ ಕಾರ್ಮಿಕರ ಆರೋಗ್ಯ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ. ಸಭೆಗೆ ಬರಲಾಗದವರ ಅನುಕೂಲಕ್ಕಾಗಿ ಇಲ್ಲಿ ಕೊಟ್ಟಿದೆ.)



ಮಧ್ಯಾಹ್ನದ ಊಟದ ಗಲಾಟೆ ಮುಗಿದು, ಸಂಜೆಯ ತಿಂಡಿಗೆ ಒಲೆ ಹೊತ್ತಿಸುವುದರೊಳಗೆ ನಿಮಗೆ ಸಿಗುವುದು ಎರಡು ಗಂಟೆಯ ಬಿಡುವು. ಆ ಬಿಡುವಿನಲ್ಲಿ ಕಾಲು ಚಾಚಿ ಮಲಗದೆ ಇಲ್ಲಿಗೆ ಬಂದಿದ್ದೀರಿ. ಗಿರಣಿಯವರು ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಂದಿದ್ದೀರಿ. ನಿಮ್ಮ ಹೊತ್ತನ್ನು ಹಾಳು ಮಾಡುವ ಹಕ್ಕು ನನಗಿಲ್ಲ. ಆದುದರಿಂದ ಒಂದೇ ವಿಷಯವನ್ನು ಹಿಡಿದು ಮಾತನಾಡುತ್ತೇನೆ.

ನಾನು ಭಾಷಣಕಾರನಲ್ಲ. ಕತ್ತಲೆ ಕೋಣೆಯಲ್ಲಿ ಕುಳಿತು, ಯಂತ್ರದ ಪರದೆಯ ಮೇಲೆ ಬೀಳುವ ಕಪ್ಪು ಬಿಳುಪು ನೆರಳುಗಳನ್ನು ಓದುವುದು ನನ್ನ ಕಸುಬು. ಅದನ್ನು ನೀವು ಸ್ಕ್ಯಾನಿಂಗ್ ಎನ್ನುತ್ತೀರಿ. ಆದರೆ ನಿಮ್ಮ ಕಸುಬೂ ನನಗೆ ಹೊಸದಲ್ಲ. ನನ್ನ ಅಪ್ಪಯ್ಯ ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಈ ಊರಿನ ಹೋಟೆಲುಗಳಲ್ಲಿ ಮೊದಲು ಲೋಟ ತೊಳೆದು, ಆಮೇಲೆ ಸಪ್ಲೈಯರಾಗಿ, ಕೊನೆಗೆ ಒಲೆಯ ಮುಂದೆ ನಿಂತು ಮೂವತ್ತು ವರ್ಷ ದುಡಿದವರು. ಅವರ ದುಡಿಮೆಯಿಂದ ನಾನು ವೈದ್ಯನಾದೆ. ಅವರ ಮಾತು ಮುಂದೆ ಬರುತ್ತದೆ.

ನಾನು ಹೇಳಹೊರಟಿರುವುದು ಮೈಮೇಲೆ ಕೈಗೆ ಸಿಗುವ ಗಂಟಿನ ವಿಷಯ. ಕುತ್ತಿಗೆಯಲ್ಲಿ, ಕಂಕುಳಲ್ಲಿ, ಎದೆಯಲ್ಲಿ, ದವಡೆಯ ಕೆಳಗೆ ಏಳುವ ಗಂಟು. ಅದರೊಳಗೆ ನೆತ್ತರು ಹೇಗೆ ಓಡುತ್ತದೆಂಬುದನ್ನು ಕಣ್ಣಾರೆ ನೋಡುವ ಒಂದು ಪರೀಕ್ಷೆ ಈಗ ಇದೆ. ಅದರ ಗುಣವನ್ನೂ ಮಿತಿಯನ್ನೂ ನೀವು ತಿಳಿದಿರಬೇಕು.

ಮೊದಲು ನಮ್ಮ ರೂಢಿಯನ್ನು ನೋಡೋಣ. ಗಂಟು ಕಂಡರೆ ನಾವು ಏನು ಮಾಡುತ್ತೇವೆ? ಅಡಿಗೆಯವನಾದರೆ ಹೆಗಲ ಮೇಲಿನ ಚೌಕವನ್ನು ಕುತ್ತಿಗೆಗೆ ಸುತ್ತಿಕೊಳ್ಳುತ್ತಾನೆ. ಒಲೆಯ ಬಿಸಿಗೆ ಎದ್ದದ್ದು ಎಂದುಕೊಳ್ಳುತ್ತಾನೆ. ರಾತ್ರಿ ಸುಣ್ಣ ಬೆಲ್ಲ ಕಲಸಿ ಹಚ್ಚುತ್ತಾನೆ. ಗಿರಣಿಯವನು ಹತ್ತಿಯ ಧೂಳಿಗೆ ಬಂದದ್ದು ಎನ್ನುತ್ತಾನೆ. ಹೆಂಗಸರು ಎದೆಯ ಗಂಟನ್ನು ಗಂಡನಿಗೂ ಹೇಳುವುದಿಲ್ಲ. ನೋವಿಲ್ಲವಲ್ಲ, ಕೆಲಸಕ್ಕೆ ಅಡ್ಡಿಯಿಲ್ಲವಲ್ಲ ಎಂಬುದೊಂದು ಸಮಾಧಾನ. ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಗುತ್ತದೆಂಬುದು ಅದಕ್ಕಿಂತ ದೊಡ್ಡ ಕಾರಣ. ನಾನು ನಿಮ್ಮನ್ನು ದೂರುತ್ತಿಲ್ಲ. ಕೂಲಿಯ ಲೆಕ್ಕ ಎಷ್ಟು ಕಠಿಣವೆಂದು ನನಗೆ ಗೊತ್ತು.

ಗಂಟುಗಳಲ್ಲಿ ಹೆಚ್ಚಿನವು ಕೇಡಿನವಲ್ಲ. ಹುಳುಕು ಹಲ್ಲಿನಿಂದ ದವಡೆಯ ಕೆಳಗಿನ ಗ್ರಂಥಿ ಊದಬಹುದು. ಚರ್ಮದಡಿ ಕೊಬ್ಬು ಗಟ್ಟಿಯಾಗಿ ಗಂಟಾಗಬಹುದು. ಕ್ಷಯದಿಂದ ಕುತ್ತಿಗೆಯ ಗ್ರಂಥಿ ಊದುವುದು ನಮ್ಮ ದೇಶದಲ್ಲಿ ಬಹಳ ಸಾಮಾನ್ಯ, ಅದಕ್ಕೆ ಔಷಧವುಂಟು. ಆದರೆ ಕ್ಯಾನ್ಸರಿನ ಗಂಟೂ ಮೊದಲು ಹೀಗೆಯೇ, ನೋವಿಲ್ಲದೆ, ಗೋಲಿಯಂತೆ ಕೈಗೆ ಸಿಗುತ್ತದೆ. ಹೊರಗಿನಿಂದ ಮುಟ್ಟಿ ಇದು ಇಂಥದೇ ಎಂದು ಖಂಡಿತವಾಗಿ ಹೇಳಲು ಯಾವ ವೈದ್ಯನಿಂದಲೂ ಆಗದು. ಆದುದರಿಂದಲೇ ಒಳಗೆ ನೋಡಬೇಕು. ಒಳಗೆ ನೋಡಬೇಕಾದ ವಸ್ತುಗಳಲ್ಲಿ ಮುಖ್ಯವಾದದ್ದು ನೆತ್ತರು.

ನೆತ್ತರಿನ ಗುಟ್ಟನ್ನು ಹುಡುಕುವ ಕೆಲಸ ನಮ್ಮ ಈ ನಗರಕ್ಕೆ ಹೊಸದಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಎಂಬ ಸೈನ್ಯದ ವೈದ್ಯ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಕ್ರಿಮಿಯನ್ನು ಕಂಡ. 1902ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಆ ಸೊಳ್ಳೆಗಳಿಗೆ ತನ್ನ ತೋಳನ್ನು ಒಡ್ಡಿ ನೆತ್ತರು ಕೊಟ್ಟವನು ಹುಸೇನ್ ಖಾನ್ ಎಂಬ ಬಡ ರೋಗಿ. ಸೊಳ್ಳೆಯೊಂದಕ್ಕೆ ಒಂದಾಣೆ ಅವನಿಗೆ ಸಿಕ್ಕಿದ ಕೂಲಿ. ವಿಜ್ಞಾನದ ಚರಿತ್ರೆಯಲ್ಲಿ ಕೂಲಿಯವನ ನೆತ್ತರೂ ಇದೆಯೆಂಬುದನ್ನು ನಾವು ಮರೆಯಬಾರದು.

ಈಗ ಗಂಟಿಗೆ ಬರೋಣ. ನಮ್ಮ ಮೈಯ ಯಾವ ಭಾಗವೂ ನೆತ್ತರಿಲ್ಲದೆ ಬದುಕಲಾರದು. ಕ್ಯಾನ್ಸರಿನ ಗಡ್ಡೆಯೂ ಹಾಗೆಯೇ. ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಒಂದು ವಿಚಾರವನ್ನು ಮುಂದಿಟ್ಟ. ಹೊಸ ರಕ್ತನಾಳಗಳು ಬಂದು ಸೇರದಿದ್ದರೆ ಗಡ್ಡೆ ಒಂದೆರಡು ಮಿಲಿಮೀಟರಿಗಿಂತ ದೊಡ್ಡದಾಗಿ ಬೆಳೆಯಲಾರದು, ಬೆಳೆಯಬೇಕಾದರೆ ಅದು ಸುತ್ತಲಿನ ನಾಳಗಳಿಂದ ಕವಲುಗಳನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು ಎಂಬುದೇ ಆ ವಿಚಾರ. ಮೊದಲು ಬಹಳ ಜನ ನಂಬಲಿಲ್ಲ. ಮುಂದೆ ಅದೇ ಸರಿಯೆಂದಾಯಿತು.

ಹಾಗೆ ಎಳೆದುಕೊಂಡ ನಾಳಗಳು ನೆಟ್ಟಗಿರುವುದಿಲ್ಲ. ನಕ್ಷೆ ಹಾಕಿ ಕಟ್ಟಿದ ಬಡಾವಣೆಯಲ್ಲಿ ದೊಡ್ಡ ರಸ್ತೆ, ಅದರಿಂದ ಅಡ್ಡರಸ್ತೆ, ಅದರಿಂದ ಓಣಿ ಎಂಬ ಕ್ರಮವಿರುತ್ತದೆ. ಆರೋಗ್ಯವಂತ ಗ್ರಂಥಿಯಲ್ಲಿ ನಾಳಗಳು ಹಾಗಿರುತ್ತವೆ. ಗಡ್ಡೆಯ ನಾಳಗಳಾದರೋ ರಾತ್ರೋರಾತ್ರಿ ಎದ್ದ ಗುಡಿಸಲುಗಳ ನಡುವಣ ದಾರಿಗಳಂತೆ. ಸೊಟ್ಟ, ಒಂದು ಕಡೆ ಅಗಲ, ಒಂದು ಕಡೆ ಇಕ್ಕಟ್ಟು, ಕೆಲವು ಎಲ್ಲಿಗೂ ಹೋಗದೆ ನಿಲ್ಲುತ್ತವೆ. ಗಡ್ಡೆ ಬೇಗ ಬೇಗ ಬೆಳೆದಾಗ ನಡುವಿನ ಭಾಗಕ್ಕೆ ನೆತ್ತರು ಮುಟ್ಟದೆ ಅಲ್ಲಿಯ ಮಾಂಸ ಸಾಯುತ್ತದೆ. ಹೊರಗೆ ಜೀವ, ಒಳಗೆ ಸಾವು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇದನ್ನು ನೋಡುವುದು ಹೇಗೆ? ಇಲ್ಲಿ ಗಿರಣಿಯವರಿಗೆ ಹಿಡಿಸುವ ಒಂದು ಸಂಗತಿಯುಂಟು. ಸ್ಕ್ಯಾನಿಂಗ್ ಆಸ್ಪತ್ರೆಗೆ ಬಂದುದರಲ್ಲಿ ಕಾರ್ಖಾನೆಯ ಪಾಲು ದೊಡ್ಡದು. ಲೋಹದೊಳಗೆ ಕಣ್ಣಿಗೆ ಕಾಣದ ಬಿರುಕಿದ್ದರೆ ಕಂಡುಹಿಡಿಯಲು ಒಂದು ಯಂತ್ರವಿತ್ತು. ಮನುಷ್ಯನ ಕಿವಿಗೆ ಕೇಳಿಸದಷ್ಟು ಮೇಲಿನ ಸ್ವರದ ಧ್ವನಿಯನ್ನು ಲೋಹದೊಳಕ್ಕೆ ಕಳುಹಿಸಿ, ಮರಳಿ ಬರುವ ಪ್ರತಿಧ್ವನಿಯಿಂದ ಬಿರುಕನ್ನು ಗುರುತಿಸುತ್ತಿದ್ದರು. 1955ರಲ್ಲಿ ಸ್ಕಾಟ್ಲೆಂಡಿನ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ವೈದ್ಯ, ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ಬಾಯ್ಲರ್ ತಯಾರಿಸುವ ಒಂದು ಕಾರ್ಖಾನೆಗೆ ಹೋಗಿ, ಅಲ್ಲಿಯ ಯಂತ್ರದಿಂದ ಪರೀಕ್ಷಿಸಿದ. ನೀರು ತುಂಬಿದ ಗಡ್ಡೆಯ ಪ್ರತಿಧ್ವನಿಯೇ ಬೇರೆ, ಗಟ್ಟಿ ಗಡ್ಡೆಯದೇ ಬೇರೆ ಎಂದು ಕಂಡ. 1958ರಲ್ಲಿ ಅವನೂ ಜೊತೆಯವರೂ ಅದನ್ನು ಪ್ರಕಟಿಸಿದರು. ಇಂದು ಕುತ್ತಿಗೆಯ ಗಂಟಿನ ಮೇಲೆ ನಾವು ಇಡುವ ಹಿಡಿಕೆ ಸೆಕೆಂಡಿಗೆ 70 ಲಕ್ಷದಿಂದ ಒಂದೂವರೆ ಕೋಟಿ ಬಾರಿ ಕಂಪಿಸುತ್ತದೆ. ನಮ್ಮ ಕಿವಿಯ ಮಿತಿ ಸೆಕೆಂಡಿಗೆ 20,000.

ಆದರೆ ಈ ಸಾಮಾನ್ಯ ಸ್ಕ್ಯಾನಿಂಗ್ ತೋರಿಸುವುದು ಗಂಟಿನ ಆಕಾರವನ್ನು. ನೆತ್ತರಿನ ಓಟ ನೋಡಲು ಡಾಪ್ಲರ್ ಎಂಬ ವಿಧಾನವಿದೆ. ಹತ್ತಿರ ಬರುವ ರೈಲಿನ ಸಿಳ್ಳು ಏರಿದಂತೆಯೂ, ದೂರ ಹೋಗುವಾಗ ಇಳಿದಂತೆಯೂ ಕೇಳಿಸುತ್ತದಲ್ಲವೇ? ಅದೇ ತತ್ವ. ಆಸ್ಟ್ರಿಯಾದ ಡಾಪ್ಲರ್ ಎಂಬವನು 1842ರಲ್ಲಿ ಹೇಳಿದ್ದು. ಅದರಿಂದ ಪರದೆಯ ಮೇಲೆ ನೆತ್ತರು ಕೆಂಪಾಗಿಯೂ ನೀಲಿಯಾಗಿಯೂ ಕಾಣುತ್ತದೆ. ದೊಡ್ಡ ನಾಳಗಳಿಗೆ ಇದು ಸಾಕು. ಆದರೆ ಕೂದಲೆಳೆಯ ಹತ್ತನೆಯ ಒಂದು ಪಾಲಿನಷ್ಟು ಸಣ್ಣ ನಾಳಗಳಲ್ಲಿ ನೆತ್ತರು ತೆವಳಿಕೊಂಡು ಹೋಗುತ್ತದೆ. ಅಷ್ಟು ನಿಧಾನದ ಓಟ ಡಾಪ್ಲರಿಗೆ ಸಿಗುವುದಿಲ್ಲ. ಗಡ್ಡೆಯ ಗುಟ್ಟಿರುವುದು ಆ ಸಣ್ಣ ಓಣಿಗಳಲ್ಲಿಯೇ.

ಇಲ್ಲಿಯೇ ಗುಳ್ಳೆಗಳು ಬರುತ್ತವೆ. ಹೋಟೆಲಿನವರು ಇಂದೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ನೀರು, ಇನ್ನೊಂದರಲ್ಲಿ ಆಗ ತಾನೇ ಒಡೆದ ಸೋಡಾ ತುಂಬಿ, ಚಮಚದಿಂದ ತಟ್ಟಿ. ನೀರಿನ ಲೋಟ ಠಣ್ ಎನ್ನುತ್ತದೆ, ಸೋಡಾದ ಲೋಟ ಮಂಕಾಗಿ ಸದ್ದು ಮಾಡುತ್ತದೆ. ಗುಳ್ಳೆಗಳು ಹೋದಂತೆ ಸದ್ದು ತಿಳಿಯಾಗುತ್ತದೆ. ಗಾಳಿಯ ಗುಳ್ಳೆ ಧ್ವನಿಯ ಪೆಟ್ಟಿಗೆ ಕುಗ್ಗುತ್ತದೆ, ಹಿಗ್ಗುತ್ತದೆ. ಆದುದರಿಂದ ಧ್ವನಿಯ ಲೋಕದಲ್ಲಿ ಗುಳ್ಳೆಯಷ್ಟು ಎದ್ದು ಕಾಣುವ ವಸ್ತು ಬೇರೊಂದಿಲ್ಲ. 1968ರಲ್ಲಿ ಅಮೆರಿಕದ ಗ್ರಾಮಿಯಾಕ್ ಮತ್ತು ಪ್ರವೀಣ್ ಶಾ ಎಂಬ ವೈದ್ಯರು ಹೃದಯವನ್ನು ಧ್ವನಿಯಿಂದ ನೋಡುತ್ತಿದ್ದಾಗ, ಚುಚ್ಚುಮದ್ದಿನ ದ್ರವ ಒಳಗೆ ಹೋದೊಡನೆ ಪರದೆಯ ಮೇಲೆ ಮೋಡ ಕವಿದಂತಾದುದನ್ನು ವರದಿ ಮಾಡಿದರು. ದ್ರವದೊಡನೆ ಸಣ್ಣ ಗುಳ್ಳೆಗಳು ಸೇರಿದ್ದವು. ಗುಳ್ಳೆ ಕೊಟ್ಟು ಮಾಡುವ ಸ್ಕ್ಯಾನಿಂಗಿಗೆ ಬೀಜ ಬಿದ್ದದ್ದು ಅಲ್ಲಿ. ಈಗ ಅದಕ್ಕೆ ಕಾಂಟ್ರಾಸ್ಟ್ ಅಲ್ಟ್ರಾಸೌಂಡ್ ಎನ್ನುತ್ತಾರೆ.

ಇಂದಿನ ಗುಳ್ಳೆಗಳನ್ನು ಕಾರ್ಖಾನೆಯಲ್ಲಿ ಅಳತೆ ಮಾಡಿ ಸಿದ್ಧಪಡಿಸುತ್ತಾರೆ. ಯುರೋಪಿನಲ್ಲಿ 2001ರಿಂದ ಬಳಕೆಯಲ್ಲಿರುವ ಸೋನೋವ್ಯೂ ಎಂಬ ಔಷಧವನ್ನೇ ತೆಗೆದುಕೊಳ್ಳಿ. ಶೀಷೆಯಲ್ಲಿ ಪುಡಿ ಇರುತ್ತದೆ. ಅದಕ್ಕೆ 5 ಮಿಲಿಲೀಟರ್ ಉಪ್ಪುನೀರು ಸೇರಿಸಿ ಕುಲುಕಿದರೆ ಹಾಲಿನಂಥ ದ್ರವವಾಗುತ್ತದೆ. ಅದರ ತುಂಬ ಗುಳ್ಳೆಗಳು. ಒಳಗೆ ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ, ಹೊರಗೆ ಕೊಬ್ಬಿನ ಜಾತಿಯ ತೆಳು ಪೊರೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡೂವರೆ ಪಾಲು ಒಂದು ಗುಳ್ಳೆಯ ಸರಾಸರಿ ಗಾತ್ರ. ನೆತ್ತರಿನ ಕೆಂಪು ಕಣ ಏಳೆಂಟು ಪಾಲಿನಷ್ಟಿದೆ. ಹೀಗಾಗಿ ಕೆಂಪು ಕಣ ಹೋಗುವ ಓಣಿಗಳಲ್ಲೆಲ್ಲ ಗುಳ್ಳೆಯೂ ಹೋಗುತ್ತದೆ. ಆದರೆ ನಾಳದ ಗೋಡೆ ದಾಟಿ ಹೊರಗೆ ಸೋರುವುದಿಲ್ಲ. ಗುಳ್ಳೆ ಕಂಡಲ್ಲಿ ನೆತ್ತರು ಓಡುತ್ತಿದೆ. ಕಾಣದಲ್ಲಿ ಓಡುತ್ತಿಲ್ಲ, ಅಥವಾ ತೀರ ಕಡಿಮೆ ಓಡುತ್ತಿದೆ.

ಪರೀಕ್ಷೆ ಹೀಗೆ ನಡೆಯುತ್ತದೆ. ತೋಳಿನ ನಾಳಕ್ಕೆ ಸೂಜಿ ಹಾಕಿ ಎರಡೂವರೆಯಿಂದ ಐದು ಮಿಲಿಲೀಟರಿನಷ್ಟು ಔಷಧವನ್ನು ಕೊಡುತ್ತಾರೆ. ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಹಿಂದೆಯೇ ಸ್ವಲ್ಪ ಉಪ್ಪುನೀರು. ಮೇಲ್ಮೈಯ ಗಂಟುಗಳಿಗೆ ಯಕೃತ್ತಿಗಿಂತ ಹೆಚ್ಚು ಔಷಧ ಬೇಕಾಗುತ್ತದೆ. ಈ ಗುಳ್ಳೆಗಳು ಚೆನ್ನಾಗಿ ಕುಣಿಯುವುದು ಇಳಿಸ್ವರಕ್ಕೆ, ಮೇಲ್ಮೈಯ ಹಿಡಿಕೆಯಾದರೋ ಏರುಸ್ವರದ್ದು. ಮಾಂಸವು ತಾನು ಕೇಳಿದ ಸ್ವರವನ್ನೇ ಬಹುಮಟ್ಟಿಗೆ ಮರಳಿಸುತ್ತದೆ, ಗುಳ್ಳೆಯು ಅದರೊಡನೆ ಮೇಲಿನ ಸ್ವರಗಳನ್ನೂ ಸೇರಿಸಿ ಕಳುಹಿಸುತ್ತದೆ. ಯಂತ್ರ ಆ ಸ್ವರಗಳನ್ನು ಆರಿಸಿಕೊಂಡು ಗುಳ್ಳೆಗಳನ್ನು ಮಾತ್ರ ಬೆಳಗಿಸಿ ತೋರಿಸುತ್ತದೆ. ಧ್ವನಿ ಜೋರಾದರೆ ಗುಳ್ಳೆ ಒಡೆಯುತ್ತದೆ. ಆದುದರಿಂದ ಮೆಲುಧ್ವನಿಯಲ್ಲಿ ಎರಡು ಮೂರು ನಿಮಿಷ ಕಣ್ಣು ಕೀಳದೆ ನೋಡಿ, ಎಲ್ಲವನ್ನೂ ದಾಖಲೆ ಮಾಡಿಕೊಳ್ಳುತ್ತೇವೆ.

ನಾವು ನೋಡುವುದೇನನ್ನು? ಹೋಟೆಲಿನ ಭಾಷೆಯಲ್ಲಿಯೇ ಹೇಳುತ್ತೇನೆ. ಮಧ್ಯಾಹ್ನ ಊಟದ ಬಾಗಿಲು ತೆರೆದಿರಿ. ಮೊದಲ ಗಿರಾಕಿ ಬಂದದ್ದು ಯಾವಾಗ? ಹಾಲು ತುಂಬಿ ತುಳುಕಿದ್ದು ಯಾವಾಗ? ತುಂಬಿದಾಗ ಎಷ್ಟು ಜನ? ಖಾಲಿಯಾಗತೊಡಗಿದ್ದು ಯಾವಾಗ? ಈ ನಾಲ್ಕು ಗೊತ್ತಾದರೆ ಹೋಟೆಲಿನ ವ್ಯಾಪಾರ ಗೊತ್ತಾದಂತೆ. ಗಂಟಿನಲ್ಲಿಯೂ ಅದೇ ಲೆಕ್ಕ. ಗುಳ್ಳೆ ಎಷ್ಟು ಸೆಕೆಂಡಿಗೆ ಬಂತು, ಎಷ್ಟು ಸೆಕೆಂಡಿಗೆ ಗರಿಷ್ಠ ಬೆಳಕಾಯಿತು, ಆ ಬೆಳಕು ಎಷ್ಟು, ಯಾವಾಗ ಆರಿತು. ಯಂತ್ರ ಇದನ್ನು ಗೆರೆಯಾಗಿ ಬರೆದು ಕೊಡುತ್ತದೆ. ಜನ ಯಾವ ಬಾಗಿಲಿನಿಂದ ಬಂದರು, ಎಲ್ಲ ಮೇಜುಗಳೂ ತುಂಬಿದವೇ, ಯಾವುದಾದರೂ ಮೂಲೆ ಖಾಲಿ ಉಳಿಯಿತೇ ಎಂಬುದನ್ನೂ ನೋಡಬೇಕು. ಇನ್ನೊಂದು ಉಪಾಯವಿದೆ. ಒಂದು ಗಳಿಗೆ ಧ್ವನಿಯನ್ನು ಜೋರು ಮಾಡಿ ಗಂಟಿನಲ್ಲಿರುವ ಗುಳ್ಳೆಗಳನ್ನೆಲ್ಲ ಒಡೆದು, ಮತ್ತೆ ಎಷ್ಟು ಬೇಗ ತುಂಬುತ್ತದೆಂದು ಅಳೆಯುವುದು. ಹಾಲನ್ನು ಖಾಲಿ ಮಾಡಿಸಿ ಮತ್ತೆ ಬಾಗಿಲು ತೆರೆದಂತೆ.

ಸೋಂಕಿನಿಂದ ಊದಿದ ಗ್ರಂಥಿಯಲ್ಲಿ ನೆತ್ತರು ಸಾಮಾನ್ಯವಾಗಿ ನಡುಬಾಗಿಲಿನಿಂದ ಬಂದು, ಹೊರಕ್ಕೆ ಹರಡಿ, ಎಲ್ಲ ಕಡೆ ಸಮನಾಗಿ ಬೆಳಗುತ್ತದೆ. ಕ್ಯಾನ್ಸರ್ ಹೊಕ್ಕ ಗ್ರಂಥಿಯಲ್ಲಿ ಅನೇಕ ವೇಳೆ ಅಂಚಿನಿಂದ ಒಳಕ್ಕೆ ಹಲವು ಕಡೆ ನುಗ್ಗುತ್ತದೆ. ಬೆಳಕು ಏರುಪೇರಾಗಿರುತ್ತದೆ, ನಡುವೆ ಕಪ್ಪು ಕುಳಿಗಳು ಉಳಿಯುತ್ತವೆ. ಎದೆಯ ಕೇಡಿನ ಗಂಟಿನಲ್ಲಿ, ಸಾಮಾನ್ಯ ಸ್ಕ್ಯಾನಿಂಗಿನಲ್ಲಿ ಕಂಡ ಗಾತ್ರಕ್ಕಿಂತ ಬೆಳಗುವ ಭಾಗ ದೊಡ್ಡದಾಗಿರುವುದುಂಟು. ಗಡಿ ದಾಟಿ ಹೊರಗೆ ಚಾಚಿಕೊಂಡಿದೆ ಎಂದರ್ಥ. ಥೈರಾಯ್ಡಿನಲ್ಲಿ ಮಾತು ತಿರುವುಮುರುವು. ಅಲ್ಲಿಯ ಕ್ಯಾನ್ಸರ್ ಬಹಳ ಸಲ ಸುತ್ತಲಿನ ಮಾಂಸಕ್ಕಿಂತ ಕಡಿಮೆ ಬೆಳಗುತ್ತದೆ. ಆದುದರಿಂದ ನೆತ್ತರು ಹೆಚ್ಚಿದ್ದರೆ ಕೇಡು, ಕಡಿಮೆಯಿದ್ದರೆ ಕ್ಷೇಮ ಎಂಬ ಸುಲಭದ ಸೂತ್ರ ನಡೆಯದು.

ಈಗ ಅಪ್ಪಯ್ಯನ ಮಾತಿಗೆ ಬರುತ್ತೇನೆ.

ನಾನು ಆಗ ಇನ್ನೂ ವೈದ್ಯಕೀಯ ಓದುತ್ತಿದ್ದೆ. ಅಪ್ಪಯ್ಯನಿಗೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿತ್ತು. ಒಲೆಯ ಮುಂದೆ ನಿಂತವರಿಗೆ ಅದೊಂದೇ ಜೊತೆಗಾರ ಎನ್ನುತ್ತಿದ್ದರು. ದವಡೆಯ ಕೆಳಗೆ, ಬಲಗಡೆ, ನೆಲ್ಲಿಕಾಯಿಯಷ್ಟು ಗಂಟು ಎದ್ದಿತು. ಎರಡು ತಿಂಗಳು ಚೌಕದಡಿ ಮುಚ್ಚಿಟ್ಟರು. ರಜೆಯಲ್ಲಿ ನಾನು ಮನೆಗೆ ಬಂದಾಗ ಕಂಡು, ಹಟ ಹಿಡಿದು ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದರ ಹೆಸರು ಬೇಡ. ಅಲ್ಲಿಯವರು ತಮಗೆ ತಿಳಿದಂತೆ ಮಾಡಿದರು. ಸ್ಕ್ಯಾನಿಂಗಿನಲ್ಲಿ ಗ್ರಂಥಿ ಊದಿದೆ ಎಂದು ಬಂತು. ಸೂಜಿ ಚುಚ್ಚಿ ತೆಗೆದದ್ದರಲ್ಲಿ ಬರಿಯ ಕೊಳೆತ ದ್ರವ. 'ಪರೀಕ್ಷೆಗೆ ಬೇಕಾದಷ್ಟು ಜೀವಕೋಶಗಳು ಸಿಗಲಿಲ್ಲ' ಎಂದು ಚೀಟಿಯಲ್ಲಿ ಬರೆದಿದ್ದರು.

ಅಪ್ಪಯ್ಯ ಆ ಚೀಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, "ಎಂತದೂ ಸಿಗಲಿಲ್ಲ ಅಂದ್ರಲ್ಲ ಮಗಾ, ಇನ್ನು ಸಾಕು" ಎಂದರು. ಅವರ ಮುಖದ ಮೇಲಿನ ಸಂತೋಷವನ್ನು ಕಂಡು ನಾನೂ ಸುಮ್ಮನಾದೆ. ಪುಸ್ತಕ ಓದುತ್ತಿದ್ದವನು ನಾನು. ನಾನು ಸುಮ್ಮನಾಗಬಾರದಿತ್ತು. ಐದು ತಿಂಗಳ ಮೇಲೆ ಅನ್ನ ನುಂಗಲು ಕಷ್ಟವಾದಾಗ ಮತ್ತೆ ಹೋದೆವು. ನಾಲಿಗೆಯ ಬುಡದಲ್ಲಿ ಕ್ಯಾನ್ಸರ್. ಕುತ್ತಿಗೆಯ ಗಂಟು ಅದರ ಮರಿ. ಮೊದಲ ಸಲ ಸೂಜಿ ಹೋದದ್ದು ಗಂಟಿನ ನಡುವಿನ ಸತ್ತ ಭಾಗಕ್ಕೆ. ಜೀವವಿದ್ದದ್ದು ಅಂಚಿನಲ್ಲಿ. ಅಪ್ಪಯ್ಯ ಮತ್ತೊಂದು ಯುಗಾದಿ ಕಾಣಲಿಲ್ಲ.

'ಏನೂ ಸಿಗಲಿಲ್ಲ' ಎಂಬುದು ಬೇರೆ, 'ಏನೂ ಇಲ್ಲ' ಎಂಬುದು ಬೇರೆ. ಈ ಎರಡು ಮಾತಿನ ನಡುವೆ ನನ್ನ ಅಪ್ಪಯ್ಯನ ಐದು ತಿಂಗಳು ಹೋಯಿತು. ನೀವು ಇಂದು ಇಲ್ಲಿಂದ ಬೇರೆ ಏನನ್ನು ಮರೆತು ಹೋದರೂ ಇದೊಂದನ್ನು ಮರೆಯಬೇಡಿ. ಸೂಜಿ ಪರೀಕ್ಷೆಯ ಚೀಟಿಯಲ್ಲಿ ಜೀವಕೋಶ ಸಾಲದು ಎಂದು ಬಂದರೆ ಪರೀಕ್ಷೆ ಮುಗಿಯಲಿಲ್ಲ, ಮತ್ತೆ ಮಾಡಬೇಕು ಎಂದರ್ಥ. "ಡಾಕ್ಟರೇ, ಮತ್ತೆ ಯಾವಾಗ ಬರಲಿ?" ಎಂದು ಕೇಳಿಯೇ ಹೊರಗೆ ಬನ್ನಿ.

ಗುಳ್ಳೆಯ ಸ್ಕ್ಯಾನಿಂಗ್ ನಿಜವಾಗಿ ಉಪಕಾರ ಮಾಡಬಲ್ಲ ಜಾಗ ಇದು. ಗಂಟಿನಲ್ಲಿ ಯಾವ ಭಾಗಕ್ಕೆ ನೆತ್ತರು ಹೋಗುತ್ತಿದೆ, ಯಾವುದು ಸತ್ತಿದೆ ಎಂದು ಅದು ತೋರಿಸುತ್ತದೆ. ಬೆಳಗಿದ ಭಾಗಕ್ಕೆ ಸೂಜಿ ಇಟ್ಟರೆ ಜೀವಕೋಶ ಸಿಗುವ ಸಂಭವ ಹೆಚ್ಚು. ಕತ್ತಲೆಯಲ್ಲಿ ಬಾವಿಗೆ ಕೊಡ ಬಿಡುವುದಕ್ಕೂ ದೀಪ ಹಿಡಿದು ಬಿಡುವುದಕ್ಕೂ ಇರುವಷ್ಟು ವ್ಯತ್ಯಾಸ. ಮೊದಲ ಸೂಜಿ ಬರಿದಾಗಿ ಬಂದವರಿಗೆ ಇದರಿಂದ ಬಹಳ ಪ್ರಯೋಜನ.

ಇನ್ನೊಂದು ಉಪಯೋಗ ಚಿಕಿತ್ಸೆಯ ಕಾಲದಲ್ಲಿ. ಔಷಧ ತಾಗಿದಾಗ ಗಡ್ಡೆ ಕೂಡಲೇ ಕುಗ್ಗದೆ ಇರಬಹುದು. ಆದರೆ ಅದರೊಳಗಿನ ನೆತ್ತರಿನ ಓಟ ಅದಕ್ಕಿಂತ ಮೊದಲೇ ತಗ್ಗುವುದುಂಟು. ಗಿರಣಿಯ ಬಾಗಿಲು ತೆರೆದಿದ್ದರೂ ಒಳಗೆ ಯಂತ್ರಗಳು ನಿಂತಿವೆಯೆಂದು ಸದ್ದಿನಿಂದ ತಿಳಿಯುವಂತೆ. ಔಷಧ ತಾಗುತ್ತಿದೆಯೇ, ಬೇರೆ ಔಷಧ ಬೇಕೇ ಎಂದು ಯೋಚಿಸಲು ವೈದ್ಯರಿಗೆ ಇದು ನೆರವಾಗಬಲ್ಲದು.

ಮಿತಿಯನ್ನೂ ಹೇಳಬೇಕು, ಇಲ್ಲವಾದರೆ ನಾನು ಔಷಧ ಮಾರುವವನಂತಾಗುತ್ತೇನೆ. ಯಕೃತ್ತಿನ ಗಡ್ಡೆಗಳಲ್ಲಿ ಈ ಪರೀಕ್ಷೆಯ ಸ್ಥಾನ ಗಟ್ಟಿಯಾಗಿದೆ. ಮೇಲ್ಮೈಯ ಗಂಟುಗಳಲ್ಲಿ ಇದು ಇನ್ನೂ ಸಹಾಯಕ ಮಾತ್ರ, ತೀರ್ಪುಗಾರನಲ್ಲ. ನಮ್ಮ ದೇಶದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಾಗಿ ಬೇಕು. ಏಕೆಂದರೆ ಕ್ಷಯದ ಗ್ರಂಥಿಯೂ ಅಂಚಿನಲ್ಲಿ ಬಳೆಯಂತೆ ಬೆಳಗಿ ನಡುವೆ ಕಪ್ಪಾಗಿ ಕಾಣುತ್ತದೆ, ಥೇಟು ಕ್ಯಾನ್ಸರಿನಂತೆ. ಚಿತ್ರ ನೋಡಿ ಹೆದರಿ ಕುಟುಂಬವೇ ಅತ್ತು, ಕೊನೆಗೆ ಕ್ಷಯವೆಂದು ತಿಳಿದು ಔಷಧದಿಂದ ವಾಸಿಯಾದವರನ್ನು ನಾನು ಬಲ್ಲೆ. ಗುಳ್ಳೆ ಓಟವನ್ನು ತೋರಿಸುತ್ತದೆ, ರೋಗದ ಹೆಸರನ್ನು ಹೇಳುವುದಿಲ್ಲ. ಹೆಸರು ಹೇಳುವುದು ಸೂಜಿಯಿಂದಲೋ ಶಸ್ತ್ರದಿಂದಲೋ ತೆಗೆದ ಚೂರು, ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ವೈದ್ಯ.

ಈ ಪರೀಕ್ಷೆ ಎಲ್ಲ ಕಡೆಯೂ ಸಿಗುವುದಿಲ್ಲ. ಗುಳ್ಳೆಯ ಸ್ವರವನ್ನು ಆರಿಸುವ ಯಂತ್ರ ಬೇಕು, ಔಷಧ ಬೇಕು, ನೋಡಿ ಪಳಗಿದ ಕಣ್ಣು ಬೇಕು. ಅದು ಸಿಗಲಿಲ್ಲವೆಂದು ನೀವು ಕಾಯುತ್ತ ಕೂರಬೇಕಾಗಿಲ್ಲ. ಒಳ್ಳೆಯ ವೈದ್ಯನ ಕೈ, ಸಾಮಾನ್ಯ ಸ್ಕ್ಯಾನಿಂಗ್, ಸೂಜಿ ಪರೀಕ್ಷೆ, ಈ ಮೂರರಿಂದಲೇ ಹೆಚ್ಚಿನ ಗಂಟುಗಳ ನಿಜ ಹೊರಬೀಳುತ್ತದೆ. ಯಾರಾದರೂ ದುಬಾರಿ ಸ್ಕ್ಯಾನಿಂಗಿಗೆ ಬರೆದುಕೊಟ್ಟರೆ, "ಇದರಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಎಂದು ವಿನಯದಿಂದ ಕೇಳಿ. ಉತ್ತರ ಕೇಳುವುದು ನಿಮ್ಮ ಹಕ್ಕು.

ಎಲ್ಲಿಗೆ ಹೋಗಬೇಕು? ನಮ್ಮ ಹೈದರಾಬಾದಿನ ರೆಡ್ ಹಿಲ್ಸಿನಲ್ಲಿ ಸರಕಾರದ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ 1955ರಿಂದ ಇದೆ. ಹೈದರಾಬಾದ್ ರಾಜ್ಯದಲ್ಲಿ ಮಂತ್ರಿಗಳಾಗಿದ್ದು, ಮುಂದೆ ಗುಜರಾತಿನ ಮೊದಲ ರಾಜ್ಯಪಾಲರಾದ ಮೆಹದಿ ನವಾಜ್ ಜಂಗ್ ಅವರ ಹೆಸರು ಅದಕ್ಕಿದೆ. ಅದು ಆರಂಭವಾದಾಗ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿ ಬದಲಾಯಿತು, ಆದರೆ ರೋಗಿಯ ದಾರಿ ಬದಲಾಗಲಿಲ್ಲ. ಆ ಕಡೆಯ ಜನ ಇಂದಿಗೂ ರೈಲು ಹತ್ತಿ ಈ ಊರಿಗೇ ಬರುತ್ತಾರೆ. ಊರಿಗೆ ಮರಳುವವರಿಗೆ ಕಲಬುರಗಿಯಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಶಾಖೆಯಿದೆ.

ಇ.ಎಸ್.ಐ. ಮಾತೊಂದು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಹೋಟೆಲಿಗೂ ಕಾರ್ಖಾನೆಗೂ ಅದು ಅನ್ವಯಿಸುತ್ತದೆ. 2017ರ ಜನವರಿಯಲ್ಲಿ ಕೂಲಿಯ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. ಇಂದಿನ ಮಿತಿಯನ್ನು ಸಂಘದ ಕಚೇರಿಯಲ್ಲಿ ಕೇಳಿ ತಿಳಿಯಿರಿ. 2019ರ ಜುಲೈಯಲ್ಲಿ ಗೊತ್ತುಮಾಡಿದಂತೆ ನೂರು ರೂಪಾಯಿ ಕೂಲಿಗೆ ಕಾರ್ಮಿಕನದು 75 ಪೈಸೆ, ಮಾಲೀಕನದು 3 ರೂಪಾಯಿ 25 ಪೈಸೆ. ಸನತ್‌ನಗರದಲ್ಲಿ ಇ.ಎಸ್.ಐ. ಆಸ್ಪತ್ರೆಯಿದೆ. ನಿಮ್ಮ ಹೆಂಡತಿ ಮಕ್ಕಳಿಗೂ ಅಲ್ಲಿ ಚಿಕಿತ್ಸೆಯುಂಟು. ನಿಮ್ಮ ಹೆಸರು ದಾಖಲಾಗಿದೆಯೇ ಎಂದು ಗಂಟು ಎದ್ದ ಮೇಲೆ ಕೇಳಬೇಡಿ, ಈ ತಿಂಗಳೇ ಕೇಳಿ.

ಬಾಂಧವರೇ, ಮೂರು ವಾರ ಕಳೆದರೂ ಕರಗದ ಗಂಟನ್ನು ತೋರಿಸಿ. ಬಾಯಲ್ಲಿ ಮೂರು ವಾರ ಮಾಯದ ಹುಣ್ಣನ್ನೂ ತೋರಿಸಿ. ಹೊಗೆಸೊಪ್ಪು ಬಿಡಿ. ಜೊತೆಯ ಕೆಲಸಗಾರನ ಕುತ್ತಿಗೆಗೆ ಬೇಸಗೆಯಲ್ಲಿಯೂ ಚೌಕ ಸುತ್ತಿಕೊಂಡಿದ್ದರೆ, "ಅಣ್ಣಾ, ಏನದು?" ಎಂದು ಕೇಳಿ. ಅವನು ಆಸ್ಪತ್ರೆಗೆ ಹೋದ ದಿನ ಅವನ ಮೇಜುಗಳನ್ನು ನೀವು ನೋಡಿಕೊಳ್ಳಿ, ಅವನ ಯಂತ್ರವನ್ನು ನೀವು ನಡೆಸಿ. ಸಂಘವಿರುವುದು ಕೂಲಿ ಕೇಳಲಿಕ್ಕೆ ಮಾತ್ರವಲ್ಲ, ಒಬ್ಬನ ಒಂದು ದಿನವನ್ನು ನಾಲ್ವರು ಹಂಚಿಕೊಳ್ಳಲಿಕ್ಕೂ ಹೌದು. 

ಭಾಷಣದ ನಂತರ ಸಭಿಕರು ಕೇಳಿದ ಪ್ರಶ್ನೆಗಳು

ಗಿರಣಿಯ ಸದಸ್ಯರೊಬ್ಬರು: ರಕ್ತನಾಳಕ್ಕೆ ಗಾಳಿ ಹೋದರೆ ಪ್ರಾಣಕ್ಕೆ ಅಪಾಯವೆಂದು ಕೇಳಿದ್ದೇವೆ. ಗುಳ್ಳೆ ಕೊಡುವುದು ಹೇಗೆ ಸರಿ?

ಉತ್ತರ: ನೀವು ಕೇಳಿದ್ದು ನಿಜ. ದೊಡ್ಡ ಗಾಳಿಗುಳ್ಳೆ ನಾಳವನ್ನು ಕಟ್ಟಬಲ್ಲದು. ಇವು ಕೆಂಪು ಕಣಕ್ಕಿಂತ ಸಣ್ಣವು, ಎಲ್ಲಿಯೂ ಸಿಕ್ಕಿಕೊಳ್ಳದೆ ಹಾದುಹೋಗುತ್ತವೆ. ಒಳಗಿನ ಅನಿಲ ಕಾಲು ಗಂಟೆಯೊಳಗೆ ಹೆಚ್ಚುಕಡಿಮೆ ಪೂರ್ತಿ ಉಸಿರಿನಲ್ಲಿ ಹೊರಟುಹೋಗುತ್ತದೆ. ಎಕ್ಸ್‌ರೇ ಕಿರಣವಿಲ್ಲ, ಅಯೋಡಿನ್ ಇಲ್ಲ, ಮೂತ್ರಪಿಂಡಕ್ಕೆ ಭಾರವಿಲ್ಲ. ಆದರೂ ಯಾವ ಔಷಧದಂತೆಯೂ ಇದರಿಂದಲೂ ಅಪರೂಪಕ್ಕೆ ಅಲರ್ಜಿಯಾಗಬಹುದು. ತೀವ್ರವಾದದ್ದು ಸುಮಾರು ಹತ್ತು ಸಾವಿರದಲ್ಲಿ ಒಬ್ಬರಿಗೆ. ಆದುದರಿಂದ ಪರೀಕ್ಷೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ಹಿಂದೆ ಯಾವುದಾದರೂ ಔಷಧಕ್ಕೆ ಅಲರ್ಜಿಯಾಗಿದ್ದರೆ, ಈಚೆಗೆ ಹೃದಯಾಘಾತವಾಗಿದ್ದರೆ ಮೊದಲೇ ಹೇಳಿ.

ಸಪ್ಲೈಯರ್ ಸದಸ್ಯರೊಬ್ಬರು: ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುತ್ತಾರಲ್ಲ?

ಉತ್ತರ: ಈ ಭಯದಿಂದಲೇ ಬಹಳ ಜನ ತಡ ಮಾಡುತ್ತಾರೆ. ಸಣ್ಣ ಸೂಜಿಯಿಂದ ಹಾಗಾಗುವುದು ಅತ್ಯಂತ ವಿರಳ. ರೋಗದ ಹೆಸರು ತಿಳಿಯದೆ ತಿಂಗಳುಗಟ್ಟಲೆ ಕೂತರೆ ರೋಗ ಹರಡುವುದು ವಿರಳವಲ್ಲ.

ತಾಯಿಯೊಬ್ಬರು: ಎದೆಯಲ್ಲಿ ಸಣ್ಣ ಗಂಟಿದೆ, ನೋವಿಲ್ಲ. ನೋವು ಬಂದ ಮೇಲೆ ತೋರಿಸಿದರೆ ಸಾಲದೇ?

ಉತ್ತರ: ಸಾಲದು ಅಮ್ಮಾ. ನೋವಿಲ್ಲದ ಗಂಟನ್ನೇ ಮೊದಲು ತೋರಿಸಬೇಕು. ನಾಳೆ ಬೆಳಗ್ಗೆ ಹೋಗಿ, ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೆಚ್ಚಿನ ಪಾಲು ಅದು ಕೇಡಿನದಾಗಿರಲಾರದು. ಆದರೆ ಅದು ಖಚಿತವಾಗಿ ಗೊತ್ತಾದ ಮೇಲೆ ನೀವು ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.